ಸಗಣಿ ಕೂಲಿ

ಗೌಡನ ಮನೆಯ ಸಗಣಿ ನನ್ನ ಅವ್ವನ ಕೂಲಿ. ಜೋಳ ಅಲ್ಲ, ರೊಕ್ಕ ಅಲ್ಲ. ಸಗಣಿ. ಓದುವವರು ಮೂಗು ಮುಚ್ಚಿಕೊಳ್ಳುವುದಿದ್ದರೆ ಈಗಲೇ ಮುಚ್ಚಿಕೊಳ್ಳಲಿ. ಮುಂದೆಯೂ ಇದೇ ಇದೆ.

ನಮ್ಮೂರು ಸೊರಟೂರಿನ ಆಚೆ. ಒಂದು ಮಗ್ಗುಲಿಗೆ ಕಪ್ಪು ಮಣ್ಣಿನ ಎರೆ ಹೊಲ, ಇನ್ನೊಂದು ಮಗ್ಗುಲಿಗೆ ಕಪ್ಪತಗುಡ್ಡದ ಕಲ್ಲು. ಎರೆಯಲ್ಲಿ ಒಳ್ಳೆಯದೆಲ್ಲ ಉಳವಪ್ಪಗೌಡನದು. ಮಾದರ ಕೇರಿ ಊರ ಕೆಳಗೆ. ಊರಿನ ಬಚ್ಚಲ ನೀರು ಹರಿದು ಬಂದು ನಿಲ್ಲುವಲ್ಲಿ ನಮ್ಮ ಮನೆ.

ಅವ್ವ ಫಕ್ಕೀರವ್ವ ದಿನಾ ನಸುಕಿನಲ್ಲಿ ಗೌಡನ ದನದ ಮನೆಗೆ ಹಿಂದಿನ ಬಾಗಿಲಿನಿಂದ ಹೋಗಬೇಕು. ಬರಿಗೈಯಿಂದ ಸಗಣಿ ಬಾಚಬೇಕು. ಉಚ್ಚೆಯಲ್ಲಿ ನೆನೆದ ಕಸ ಬಳಿಯಬೇಕು. ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಊರಾಚೆ ತರಬೇಕು. ಸಗಣಿಯ ನೀರು ಹಣೆಗೆ ಇಳಿಯುತ್ತದೆ, ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಬಾಯಿಗೆ. ಎರಡೂ ಕೈ ಬುಟ್ಟಿ ಹಿಡಿದಿರುತ್ತವೆ, ಒರೆಸಿಕೊಳ್ಳಲು ಆಗುವುದಿಲ್ಲ. ಬುಟ್ಟಿ ಕೂರುವ ಜಾಗದಲ್ಲಿ ಅವಳಿಗೆ ಕೂದಲಿಲ್ಲ. ನಾನು ಬುದ್ಧಿ ತಿಳಿದಾಗಿನಿಂದ ಅವ್ವ ಬೈತಲೆ ತೆಗೆದದ್ದನ್ನು ಕಂಡಿಲ್ಲ.

ನಾನು ಸಣ್ಣವನಿದ್ದಾಗ ಈ ಕೆಲಸಕ್ಕೆ ಜೋಳ ಸಿಗುತ್ತಿತ್ತು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಸೆರಗು ಒಡ್ಡಿದರೆ ಮೇಲಿನಿಂದ ಸುರಿಯುತ್ತಿದ್ದರು. ಸಗಣಿ ಗೌಡನ ತಿಪ್ಪೆಗೇ ಹೋಗುತ್ತಿತ್ತು, ತಿಪ್ಪೆಯಿಂದ ಅವನ ಹೊಲಕ್ಕೆ. ಆಮೇಲೆ ಹೈಬ್ರಿಡ್ ಜೋಳ ಬಂತು. ಅದರ ಹಿಂದೆ ಚೀಲದಲ್ಲಿ ಸರಕಾರಿ ಗೊಬ್ಬರ ಬಂತು. ಉಪ್ಪಿನಂಥ ಬಿಳಿ ಯೂರಿಯಾ. ಮೊದಲ ವರ್ಷ ತೆನೆಯ ಭಾರಕ್ಕೆ ದಂಟು ಬಾಗಿತು. ಗೌಡ ಮೀಸೆ ತಿರುವುತ್ತ ಬದುವಿನ ಮೇಲೆ ನಡೆದಾಡಿದ. ಆ ಸುಗ್ಗಿಯಲ್ಲಿ ಅವ್ವ ಸೆರಗು ಒಡ್ಡಿದಾಗ ಅವನು ಹೇಳಿದ ಮಾತು ನನಗೆ ನೆನಪಿದೆ. ನಾನು ಅವಳ ಪಕ್ಕದಲ್ಲೇ ಇದ್ದೆ.

"ಫಕ್ಕೀರಿ, ಇನ್ನ ಮ್ಯಾಲೆ ಆ ಹೊಲಸು ನನಗ ಬ್ಯಾಡ. ನೀನ ಒಯ್ಯಿ. ಅದೇ ನಿನ್ನ ಕೂಲಿ."

"ಯಪ್ಪಾ, ಸಗಣಿ ತಿನ್ನಾಕ ಬರತೈತೇನ್ರಿ?"

"ಹೊಲಕ್ಕ ಹಾಕು. ಜ್ವಾಳ ಬರತಾವು. ಅವನ್ನ ತಿನ್ನು."

"ನನಗೆಲ್ಲಿ ಹೊಲಾರಿ?"

"ಅದಕ್ಕ ನಾ ಏನ ಮಾಡ್ಲಿ?"

ಕಣದಲ್ಲಿದ್ದವರೆಲ್ಲ ನಕ್ಕರು. ಅವ್ವ ಖಾಲಿ ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಮತ್ತೆ ಹೋದಳು. ಹೋಗದಿದ್ದರೆ ಕಳೆ ತೆಗೆಯಲು ಕರೆಯುವುದಿಲ್ಲ, ತೆನೆ ಮುರಿಯಲು ಕರೆಯುವುದಿಲ್ಲ. ಅಂದಿನಿಂದ ನಮ್ಮ ಮನೆಯ ಹಿಂದೆ ತಿಪ್ಪೆ ಬೆಳೆಯಿತು.

ನೆಲ ಆಮೇಲೆ ಸಿಕ್ಕಿತು. ಎಮರ್ಜೆನ್ಸಿಯ ಕಾಲದಲ್ಲಿ ಸರಕಾರ ಕೇರಿಯವರಿಗೆ ಗುಡ್ಡದ ಕೆಳಗೆ ಎರಡೆರಡು ಎಕರೆ ಬರೆಯಿತು. ಕಾಗದ ಬಂತು, ನೆಲ ಬರಲಿಲ್ಲ. ಎಲ್ಲಿದೆ ಎಂದು ತೋರಿಸಲು ಯಾರೂ ಬರಲಿಲ್ಲ. ಕೇಳಲು ಹೋದ ಅಪ್ಪನನ್ನು ಕಚೇರಿಯ ಹೊರಗೆ ಬಿಸಿಲಲ್ಲಿ ಕೂರಿಸಿ ಕೂರಿಸಿ ಕಳಿಸಿದರು. ವರ್ಷಗಳ ಮೇಲೆ ಸರ್ವೆಯವನೊಬ್ಬ ಬಂದು ಸರಪಳಿ ಎಳೆದು ಕಲ್ಲು ನೆಟ್ಟ. ಆ ಹೊಲದಲ್ಲಿ ಅವನು ನೆಟ್ಟ ಕಲ್ಲು ಯಾವುದು, ಮೊದಲೇ ಇದ್ದ ಕಲ್ಲು ಯಾವುದು ಎಂದು ಗುರುತು ಸಿಗಲಿಲ್ಲ. ಅಷ್ಟು ಕಲ್ಲು. ನಾವು ಮೂವರೂ ಆರಿಸಿದೆವು. ಉಗುರು ಕಿತ್ತವು. ಎರಡು ಬೇಸಗೆ ಆರಿಸಿದ ಮೇಲೆ ಕೆಂಪು ಮಣ್ಣು ಕಂಡಿತು.

"ಮುಂದಿನ ಮಳಿಗೆ ತಿಪ್ಪಿ ಒಡ್ಯೂನು," ಎಂದಳು ಅವ್ವ. "ನವಣಿ ಬಿತ್ತೂನು."

ಗಾಡಿ ನಮಗಿಲ್ಲ. ಗಾಡಿ ಹೊಡೆಯುವ ಯಮನೂರಸಾಬ ಬರುತ್ತೇನೆ ಎಂದಿದ್ದ. ಅವನು ಅಪ್ಪನ ಗೆಳೆಯ. ತನ್ನವೇ ಎರಡು ಎತ್ತು ಕಟ್ಟಿಕೊಂಡು ಬಾಡಿಗೆ ಹೊಡೆಯುತ್ತಿದ್ದ.

ಅಷ್ಟರಲ್ಲಿ ಗೌಡನ ಎರೆ ಕೆಟ್ಟಿತು.

ಕೆಡುವುದನ್ನು ನಾನು ಕಣ್ಣಾರೆ ಕಂಡೆ. ಆ ಹೊಲಕ್ಕೆ ಗೊಬ್ಬರ ಎರಚಿದ್ದು ನನ್ನ ಕೈ. ನಾಲ್ಕನೇ ಇಯತ್ತೆಯಲ್ಲಿ ಶಾಲೆ ಬಿಡಿಸಿ ಅದಕ್ಕೇ ಹಚ್ಚಿದರು. "ಹುಡುಗರ ಕೈ ಹಗುರಿರತೈತಿ, ಬರೋಬರಿ ಬೀಳತೈತಿ," ಎಂದಿದ್ದ ಗೌಡ. ಮಾಸ್ತರ ಕೂಡ ಬೇಡ ಎನ್ನಲಿಲ್ಲ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಜೋಳದ ಸಾಲಿನಲ್ಲಿ ನಡೆಯಬೇಕು. ಜೋಳದ ಎಲೆ ಗರಗಸದ ಹಾಗೆ ಮೊಣಕೈಯ ತನಕ ಗೀರುತ್ತದೆ. ಗೀರಿದಲ್ಲಿ ಬೆವರು, ಬೆವರಿನಲ್ಲಿ ಯೂರಿಯಾ. ಹಸಿ ಗಾಯಕ್ಕೆ ಉಪ್ಪು ತಿಕ್ಕಿದ ಹಾಗೆ. ಬೆರಳ ಸಂದಿ ಬಿಳುಚಿ ಸೀಳುತ್ತಿದ್ದವು. ಪಕ್ಕದಲ್ಲೇ ಪಂಪಿನ ನೀರು ಕಾಲುವೆಯಲ್ಲಿ ಹರಿಯುತ್ತಿತ್ತು. ಆ ನೀರಿಗೆ ಕೈ ಹಾಕುವಂತಿಲ್ಲ. ಅದು ಗೌಡನ ತೋಟದ ತೊಟ್ಟಿಗೆ ಹೋಗುವ ನೀರು. ಗೌಡನ ಆಳು ಬಂದು ಮೇಲಿನಿಂದ ತಂಬಿಗೆಯಲ್ಲಿ ಹಾಕಬೇಕು. ಅವನು ಬೀಡಿ ಸೇದಿ ಮುಗಿಸಿ ಬರುತ್ತಿದ್ದ. ನಾನು ಎರಡೂ ಕೈ ಮುಂದೆ ಚಾಚಿಕೊಂಡು, ಉರಿಯುತ್ತ, ನೀರು ನೋಡುತ್ತ ನಿಂತಿರುತ್ತಿದ್ದೆ. ನನ್ನ ಶಾಲೆ ಅದು.

ಮೊದಮೊದಲು ಒಂದು ಚೀಲ ಸಾಕಾಗುತ್ತಿತ್ತು. ಆಮೇಲೆ ಎರಡು. ಆಮೇಲೆ ಎಷ್ಟು ಹಾಕಿದರೂ ಅಷ್ಟೇ. ಜೋಳ ತೆಗೆದು ಗೋಧಿ, ಗೋಧಿ ತೆಗೆದು ಮತ್ತೆ ಜೋಳ. ಒಂದು ಬುಟ್ಟಿ ತಿಪ್ಪೆ ಗೊಬ್ಬರ ಆ ನೆಲ ಕಾಣಲಿಲ್ಲ. ಕಾಲಿಟ್ಟರೆ ಪುಡಿಯಾಗುತ್ತಿದ್ದ ಎರೆ ಈಗ ಇಟ್ಟಿಗೆಯಂಥ ಹೆಂಟೆಯಾಗಿ ಏಳುತ್ತಿತ್ತು. ಕುಂಟೆಯ ಹಿಂದೆ ಎರೆಹುಳ ಹೆಕ್ಕಲು ಬರುತ್ತಿದ್ದ ಹಕ್ಕಿಗಳು ಬರುವುದು ಬಿಟ್ಟವು. ಎಳೆ ಜೋಳದ ಎಲೆಯಲ್ಲಿ ಬಿಳಿ ಪಟ್ಟೆ ಮೂಡಿದವು. ತೆನೆ ಅರ್ಧ ಜಳ್ಳು.

ಗೌಡನಿಗೆ ಕಾರಣ ಬೇಕಾಗಿತ್ತು. ಕಾರಣ ಯಾವತ್ತೂ ನಮ್ಮ ಕೇರಿಯಲ್ಲೇ ಸಿಗುತ್ತದೆ.

"ಗೊಬ್ಬರ ನೆಲಕ್ಕ ಬಿದ್ದಿದ್ರ ಬೆಳಿ ಹಿಂಗ್ಯಾಕ ಆಕ್ಕಿತ್ತು? ಹುಚ್ಯಾ ಕದ್ದು ಲಕ್ಷ್ಮೇಶ್ವರ ಸಂತ್ಯಾಗ ಮಾರ್ಯಾನ," ಎಂದ.

ಹುಚ್ಯಾ ಅಂದರೆ ನನ್ನ ಅಪ್ಪ ಹುಚ್ಚಪ್ಪ. ಚೀಲಗಳನ್ನು ಉಗ್ರಾಣದಿಂದ ಹೊಲಕ್ಕೆ ಹೊರುತ್ತಿದ್ದವನು ಅವನು. ಸಾಕ್ಷಿ ಏನು? ಅಪ್ಪ ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದ ಗೊಬ್ಬರ ಚೀಲದ ಕೊಪ್ಪೆ. ಖಾಲಿ ಚೀಲ ಗೌಡನೇ ಎಸೆದದ್ದು. ಊರಿನ ಕೂಲಿಯವರೆಲ್ಲರ ತಲೆಯ ಮೇಲೂ ಅಂಥದೇ ಕೊಪ್ಪೆ. ಆದರೂ ಅಪ್ಪನದೇ ಸಾಕ್ಷಿಯಾಯಿತು. ಆ ಕೊಪ್ಪೆಯನ್ನೇ ತಲೆಗೆ ಹಾಕಿ ಅವನನ್ನು ಊರ ಅಗಸಿ ಬಾಗಿಲಲ್ಲಿ ನಿಲ್ಲಿಸಿದರು. ಮೇ ತಿಂಗಳ ಬಿಸಿಲು. ದೀಪ ಹಚ್ಚುವ ತನಕ ಕೂರುವಂತಿಲ್ಲ. ಹೋಗುವವರು ಬರುವವರು "ಏನ ಹುಚ್ಯಾ, ಮಳಿ ಜೋರೈತೇನು?" ಎಂದು ಕೇಳಿ ನಕ್ಕು ಹೋದರು.

ಅದೇ ದಾರಿಯಲ್ಲಿ ಅವ್ವ ಸಗಣಿ ಬುಟ್ಟಿ ಹೊತ್ತು ಬಂದಳು. ಬೇರೆ ದಾರಿ ಇರಲಿಲ್ಲ. ಗಂಡನ ತಲೆಯ ಮೇಲೆ ಗೌಡನ ಖಾಲಿ ಚೀಲ. ಹೆಂಡತಿಯ ತಲೆಯ ಮೇಲೆ ಗೌಡನ ದನದ ಸಗಣಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ನೋಡಿದೆ. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಇದೆ. ಇದನ್ನು ಬರೆಯುವಾಗಲೂ ಇದೆ.

ಮರುವರ್ಷವೂ ಬೆಳೆ ಹಾಗೇ ಬಂತು. ಆ ವರ್ಷ ಅಪ್ಪನಿಗೆ ಚೀಲ ಮುಟ್ಟಲು ಕೊಟ್ಟಿರಲಿಲ್ಲ. ಗೌಡನೇ ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಎರಚಿಸಿದ್ದ. ಆಗ ಗದಗಿನಿಂದ ಕೃಷಿ ಇಲಾಖೆಯ ಒಬ್ಬ ಸಾಹೇಬರನ್ನು ಕರೆಸಿದ. ಅವರು ಹೊಲದ ಅಲ್ಲಲ್ಲಿ ನನ್ನಿಂದ ಗುಂಡಿ ತೋಡಿಸಿ ಮಣ್ಣು ತುಂಬಿಕೊಂಡು ಹೋದರು. ತಿರುಗಿ ಬಂದ ದಿನ ಗೌಡನ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಹೇಳಿದರು. ನಾನು ಅಂಗಳದ ಕೆಳಗೆ ಕಟ್ಟಿಗೆ ಒಡೆಯುತ್ತಿದ್ದೆ.

"ಗೌಡ್ರ, ಇಷ್ಟ ವರ್ಷ ಬರೇ ಯೂರಿಯಾ ಹಾಕೀರಿ. ಅದು ಕೊಡೋದು ಒಂದೇ ಸಾರಾ. ಬೆಳಿ ಮಾತ್ರ ನೆಲದಾಗಿಂದು ಎಲ್ಲಾನೂ ಎಳಕೊಂಡು ಹೋಗೇತಿ. ರಂಜಕ ಹೋಗೇತಿ, ಸತು ಹೋಗೇತಿ. ನೀವು ಹೊಳ್ಳಿ ಏನೂ ಹಾಕಿಲ್ಲ. ಮಣ್ಣಾಗ ಕೊಳಿಯೂವಂಥಾದ್ದು ಏನೂ ಉಳದಿಲ್ಲ. ಅದಕ್ಕ ನೆಲ ಬಿರುಸಾಗೇತಿ."

"ಇನ್ನೆರಡು ಚೀಲ ಹೆಚ್ಚಿಗಿ ಹಾಕಿದ್ರ?"

"ರೊಕ್ಕ ಹಾಳು. ತಿಪ್ಪಿ ಗೊಬ್ಬರ ಹಾಕ್ರಿ ಮೊದಲ, ಗಾಡಿಗಟ್ಲೆ. ಚೀಲದ ಗೊಬ್ಬರ ಪೂರಾ ಬಿಡ್ರಿ ಅನ್ನಂಗಿಲ್ಲ ನಾನು. ಅದರ ಜೋಡಿ ಇದೂ ಬೇಕು. ಬರೇ ಅದೊಂದರ ಮ್ಯಾಲೆ ನೆಲ ಬದಕಂಗಿಲ್ಲ."

ನಾನು ಕೊಡಲಿ ಎತ್ತಿದವನು ಹಾಗೇ ನಿಂತೆ. ಗೌಡ ನನ್ನ ಕಡೆ ನೋಡಿದ. ಕೂಡಲೇ ಮುಖ ತಿರುಗಿಸಿ, "ಸಾಹೇಬ್ರಿಗೆ ಇನ್ನೊಂದೀಟ ಚಹಾ ತರ್ರಿ," ಎಂದು ಒಳಗೆ ಕೂಗಿದ. ಕಳುವಿನ ಮಾತು ಅವನ ಬಾಯಲ್ಲಿ ಬರಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಓಡಿ ಬಂದು ಅಪ್ಪನಿಗೆ ಹೇಳಿದೆ. "ಅಪ್ಪಾ, ನೀ ಕದ್ದಿಲ್ಲಂತ ಗೊತ್ತಾತು ಅವಗ."

ಅಪ್ಪ ಹಗ್ಗ ಹೊಸೆಯುತ್ತಿದ್ದ. "ನನಗ ಮೊದಲ ಗೊತ್ತಿತ್ತಲಾ," ಎಂದ. ಹೊಸೆಯುವುದನ್ನು ಮುಂದುವರಿಸಿದ.

ಗೌಡ ಮೊದಲು ಕುರಿಯವರ ಬೆನ್ನು ಹತ್ತಿದ. ಮುಂಡರಗಿ ಕಡೆಯ ಕುರಿ ಹಿಂಡುಗಳು ಹಿಂದೆ ಅವನ ಹೊಲದಲ್ಲೇ ತಂಗುತ್ತಿದ್ದವು. ಹಿಕ್ಕೆ ಹೊಲಕ್ಕೆ, ಕಾಳು ಕುರುಬರಿಗೆ. ಯೂರಿಯಾ ಬಂದ ಮೇಲೆ ಅವನೇ ನಾಯಿ ಬಿಟ್ಟು ಓಡಿಸಿದ್ದ. ಈಗ ಅವರು ನಿಲ್ಲದೆ ಶಿರಹಟ್ಟಿ ಕಡೆ ಹೋದರು. ಅವನ ದನದ ಸಗಣಿ ವರ್ಷಗಳಿಂದ ನಮ್ಮ ಮನೆಯ ಹಿಂದೆ ಬಿದ್ದಿತ್ತು. ಅವನ ಕಣ್ಣು ಅಲ್ಲಿಗೆ ಬಂತು.

ನನ್ನನ್ನೂ ಅಪ್ಪನನ್ನೂ ಚಾವಡಿಗೆ ಕರೆಸಿದ. ಕಟ್ಟೆಯ ಮೇಲೆ ಊರಿನ ನಾಲ್ಕು ಹಿರಿಯರು. ನಾವು ಕೆಳಗೆ.

"ಹುಚ್ಯಾ, ನಿನ್ನ ಹಿತ್ತಲದಾಗಿರೂ ತಿಪ್ಪಿ ಯಾರ ದನದ್ದು?"

"ನಿಮ್ಮ ದನದ್ದರಿ."

"ಕೇಳಿದ್ರೆಲ್ಲಾ? ನಾಳೆ ಗಾಡಿ ಬರತಾವು. ತುಂಬಿ ಕೊಡ್ರಿ."

ನನ್ನ ಬಾಯಿ ತಡೆಯಲಿಲ್ಲ. "ಅದು ನಮ್ಮವ್ವನ ಕೂಲಿರಿ. ಕಣದಾಗ ನೀವ ಹೇಳೀರಿ."

"ಕೂಲಿ?" ಗೌಡ ಹಿರಿಯರ ಕಡೆ ತಿರುಗಿದ. "ಸಗಣಿ ಯಾರರ ಕೂಲಿ ಕೊಡತಾರೇನ್ರಪಾ? ಎಲ್ಲೆರ ಕೇಳೀರೇನು? ಹೊಲಸ ಒಗ್ಯಾಕ ಜಾಗಾ ಇರಲಿಲ್ಲ, ಕೇರ್ಯಾಗ ಇಡಿಸಿದ್ದೆ. ಈಗ ನಂದು ನಾ ಒಯ್ತೀನಿ."

ಹಿರಿಯರು ಗೋಣು ಹಾಕಿದರು. ಯಾವಾಗ ಬೇಡವಾಗಿತ್ತೋ ಆಗ ಅದು ಕೂಲಿ. ಯಾವಾಗ ಬೇಕಾಯಿತೋ ಆಗ ಅದು ಗೌಡನ ಆಸ್ತಿ. ನ್ಯಾಯ ಮುಗಿಯಿತು. ಎಲೆಅಡಿಕೆ ಹಾಕಿಕೊಂಡರು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊಸ್ತಿಲಲ್ಲಿ ಕೂತು, "ಕೊಟ್ಟಬಿಡೂನು," ಎಂದ. "ಇಲ್ಲಾಂದ್ರ ಕೂಲಿ ಬಂದ ಮಾಡತಾರ. ಹೊಲದ ದಾರಿ ಕಟ್ಟತಾರ."

ಅವ್ವ ಕೈ ನಿಲ್ಲಿಸಲಿಲ್ಲ. "ಆ ಕಲ್ಲೆಲ್ಲಾ ಯಾರ ಸಲುವಾಗಿ ಆರಿಸಿದಿವಿ?" ಎಂದಳು. ಅಷ್ಟೇ. ಆಮೇಲೆ ಬಡಿದ ರೊಟ್ಟಿಗಳೆಲ್ಲ ನಡುವೆ ಹರಿದಿದ್ದವು.

ಮರುದಿನ ಹೊತ್ತೇರುವಾಗ ಗಾಡಿಗಳು ಬಂದವು. ಒಂದು ಯಮನೂರಸಾಬನ ಬಾಡಿಗೆ ಗಾಡಿ, ಉಳಿದವು ಗೌಡನವು. ಗೌಡ ಬಿಳಿ ಧೋತರ ಉಟ್ಟು, ಬೆತ್ತ ಹಿಡಿದು ಬಂದಿದ್ದ. ಜೊತೆಗೆ ಅವನ ಆಳುಗಳು. ಅವರೂ ಬಡವರೇ. ಆದರೆ ಊರೊಳಗಿನ ಬಡವರು. ಟವೆಲ್ಲಿನಿಂದ ಮೂಗು ಕಟ್ಟಿಕೊಂಡು ದೂರ ನಿಂತರು. ಆ ತಿಪ್ಪೆಯಲ್ಲಿ ಸಗಣಿ ಒಂದೇ ಇರಲಿಲ್ಲ. ನಮ್ಮ ಒಲೆಯ ಬೂದಿ ಇತ್ತು. ಅಪ್ಪ ಸುಲಿದ ಸತ್ತ ದನಗಳ ತೊಗಲಿನ ಚೂರಿದ್ದವು. ಎಲುಬಿದ್ದವು. ನಮ್ಮ ಕೇರಿಯ ಬಾಣಂತಿಯರ ಬಚ್ಚಲು ಅದಕ್ಕೇ ಹರಿದಿತ್ತು.

"ಹತ್ಲೇ ಹುಚ್ಯಾ, ಚಾಲೂ ಮಾಡು," ಎಂದ ಗೌಡ.

ಅಪ್ಪ ಸಲಿಕೆ ತೆಗೆದುಕೊಂಡ. ತಿಪ್ಪೆಯ ಮೇಲೆ ಒಂದು ಕಾಲಿಟ್ಟ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ನೆತ್ತಿಯ ಮೇಲೆ ಸೆರಗಿರಲಿಲ್ಲ. ಬೋಳು ಜಾಗ ಬಿಸಿಲಿಗೆ ಹೊಳೆಯುತ್ತಿತ್ತು.

ನಾನು ಹೋಗಿ ಅಪ್ಪನ ಕೈಯಿಂದ ಸಲಿಕೆ ಕಿತ್ತುಕೊಂಡೆ. ಅವನು ಬಿಟ್ಟುಕೊಟ್ಟ. ಅದನ್ನು ಗೌಡನ ಮುಂದೆ ಹಿಡಿದೆ.

"ನಿಮ್ಮದಂತಲ್ರಿ. ನೀವ ತುಂಬಕೋರಿ."

ಗೌಡ ಸಲಿಕೆ ನೋಡಿದ, ನನ್ನನ್ನು ನೋಡಿದ. ತನ್ನ ಆಳುಗಳ ಕಡೆ ತಿರುಗಿ, "ಏನ ನೋಡತೀರಲೇ? ತುಂಬ್ರಿ," ಎಂದ. ಅವರು ಒಬ್ಬರ ಹಿಂದೆ ಒಬ್ಬರು ಸರಿದರು. ಒಬ್ಬ ಟವೆಲ್ ಸರಿಸಿ, "ಗೌಡ್ರ, ಮಾದರ ತಿಪ್ಪಿರಿ. ಕೈ ಹಚ್ಚಿದ್ರ ನಮ್ಮನ್ನ ಮನ್ಯಾಗ ಕರಕೊಳ್ಳಂಗಿಲ್ರಿ," ಎಂದ.

ಕೇರಿಯ ಮುದುಕಿ ಬೀರವ್ವ ತನ್ನ ಬಾಗಿಲಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದಳು. "ಅಲ್ಲೋ ತಮ್ಮಾ," ಎಂದಳು. "ಇದನ್ನ ಹಾಕಿ ಬೆಳದ ಜ್ವಾಳ ಉಣ್ಣಾಕ ಮೈಲಿಗಿ ಇಲ್ಲೇನು? ಬರೇ ಹೊರಾಕ ಐತೇನು?"

ಗೌಡನ ಮುಖ ಕೆಂಪಾಯಿತು. ಯಮನೂರಸಾಬನ ಕಡೆ ಬೆತ್ತ ತೋರಿಸಿದ. "ನೀ ತುಂಬಲೇ ಸಾಬಾ. ನಿಮಗ್ಯಾವ ಮೈಲಿಗಿ?"

ಯಮನೂರಸಾಬ ಗಾಡಿಯ ನೊಗ ಹಿಡಿದು ನಿಂತಿದ್ದ. ಗೌಡನ ಬಾಡಿಗೆಯಿಂದಲೇ ಅವನ ಮನೆಯ ಒಲೆ ಉರಿಯಬೇಕು. ಅಪ್ಪನ ಮುಖ ನೋಡಿದ. ಸಾವಕಾಶ ಹೇಳಿದ.

"ನಾ ತುಂಬತಿದ್ನಿರಿ ಗೌಡ್ರ. ನನ್ನ ಎತ್ತು ಒಲ್ಲೆ ಅನ್ನಾಕತ್ತಾವು."

"ಎತ್ತು ಮಾತಾಡತಾವೇನಲೇ?"

"ಅಂಜ್ಯಾವ್ರಿ. ದಾರ್ಯಾಗ ಹಾಕಿದ ಸಗಣಿನೂ ಹೊಳ್ಳಿ ಕೇಳತಾರೇನೋ ಅಂತ."

ಮೊದಲು ಬೀರವ್ವ ನಕ್ಕಳು. ಆಮೇಲೆ ಕೇರಿಯೆಲ್ಲ ನಕ್ಕಿತು. ಗೌಡನ ಎದುರಿಗೆ ನಮ್ಮ ಕೇರಿ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ಯಮನೂರಸಾಬ ಖಾಲಿ ಗಾಡಿ ಹೊರಳಿಸಿಕೊಂಡು ಹೋದ. ಅವತ್ತಿನಿಂದ ಊರಲ್ಲಿ ಅವನಿಗೆ ಬಾಡಿಗೆ ಸಿಗಲಿಲ್ಲ. ಕುರ್ತಕೋಟಿಗೆ ಹೋಗಿ ಹೊಡೆಯುತ್ತಾನೆ. ಒಂದು ದಿನವೂ ನಮ್ಮ ಮುಂದೆ ಅದನ್ನು ಆಡಿ ತೋರಿಸಿಲ್ಲ.

ಗೌಡನ ಬೆತ್ತ ನನ್ನ ಕಿವಿಯ ಮೇಲೆ ಬಿತ್ತು. ನೆತ್ತರು ಕುತ್ತಿಗೆಗೆ ಇಳಿಯಿತು. ನಾನು ಕೈ ಎತ್ತಿ ಒರೆಸಿಕೊಳ್ಳಲಿಲ್ಲ. ನನ್ನ ಎರಡೂ ಕೈ ಸಲಿಕೆಯ ಮೇಲಿದ್ದವು. ಬೆತ್ತ ಇನ್ನೊಮ್ಮೆ ಎದ್ದದ್ದು ಅರ್ಧಕ್ಕೇ ನಿಂತಿತು. ಅವನು ಸಲಿಕೆ ನೋಡಿದ. ಹಿಂದೆ ಸರಿದ. ಒಂದೇ ಹೆಜ್ಜೆ. ಕೇರಿಯವರೆಲ್ಲ ನೋಡಿದರು.

"ಒಬ್ಬರೂ ನನ್ನ ಹೊಲದಾಗ ಕಾಲಿಡಬ್ಯಾಡ್ರಿ. ಹೆಂಗ ಬದಕತೀರಿ ನೋಡತೀನಿ," ಎಂದು ಹೋದ.

ನೋಡುವಂಥದೇ ಆಯಿತು. ಕೂಲಿ ನಿಂತಿತು. ಅಂಗಡಿಯವನು ಉಪ್ಪು ಕೊಡಲಿಲ್ಲ. ಬೀಸುವ ಗಿರಣಿಯವನು ಕಾಳು ಹಾಕಿಸಿಕೊಳ್ಳಲಿಲ್ಲ. ಗೌಡನ ಬದುವಿನ ಮೇಲಿನ ದಾರಿಗೆ ಜಾಲಿ ಮುಳ್ಳು ಬಿತ್ತು. ಗುಡ್ಡಕ್ಕೆ ಹೋಗಲು ಹಳ್ಳ ಸುತ್ತಬೇಕಾಯಿತು. ಕೂಲಿ ಇಲ್ಲದ ಕೇರಿ ಅದೇ ಹಳ್ಳ ಸುತ್ತಿ ಆ ತಿಪ್ಪೆಯನ್ನು ತಲೆಯ ಮೇಲೆ ಹೊತ್ತಿತು. ಗಂಡಸರು, ಹೆಂಗಸರು, ಎಲ್ಲ. ಮೊದಲು ನಮ್ಮ ಹೊಲ, ಆಮೇಲೆ ಬೀರವ್ವನದು. ನಾನೂ ಹೊತ್ತೆ. ಅರ್ಧ ದಾರಿಗೆ ಕುತ್ತಿಗೆಯ ನರ ಬಿಗಿದು ಕಣ್ಣು ಕತ್ತಲಾಯಿತು. ಅವ್ವನ ಕುತ್ತಿಗೆ ಇಷ್ಟು ವರ್ಷ ಏನು ಹೊತ್ತಿತ್ತು ಎಂದು ಅವತ್ತು ತಿಳಿಯಿತು. ತಿಪ್ಪೆಯ ಒಳಗಿನ ಗೊಬ್ಬರ ಕರ್ರಗೆ, ಬೆಚ್ಚಗೆ, ಪುಡಿಪುಡಿಯಾಗಿತ್ತು. ಹಳೆಯ ಎರೆಯ ಹಾಗೆ. ಗೌಡ ದೂರದ ಬದುವಿನ ಮೇಲೆ ಛತ್ರಿ ಹಿಡಿದು ನಿಂತು ನೋಡಿದ.

ಅವನು ಒಂದು ಮರೆತಿದ್ದ. ಹೊಲಕ್ಕೆ ಕಾಲಿಡಬೇಡಿ ಎಂದಿದ್ದ. ದನದ ಮನೆಯ ಮಾತು ಆಡಿರಲಿಲ್ಲ. ಫಕ್ಕೀರಿ ಬಂದೇ ಬರುತ್ತಾಳೆ ಎಂದುಕೊಂಡಿದ್ದ. ಅವ್ವ ಹೋಗಲಿಲ್ಲ. ಕೇರಿಯಿಂದ ಬೇರೆ ಯಾರೂ ಹೋಗಲಿಲ್ಲ. ಊರೊಳಗಿನ ಆಳುಗಳು ಮೇವು ಹಾಕುತ್ತಾರೆ, ನೀರು ಕುಡಿಸುತ್ತಾರೆ. ಸಗಣಿ ಬಾಚುವುದು ಅವರ ಕೆಲಸವಲ್ಲ. ಮಳೆ ಹಿಡಿಯಿತು. ದನದ ಮನೆಯ ವಾಸನೆ ಪಡಸಾಲೆ ದಾಟಿ ದೇವರ ಮನೆಗೆ ಹೋಯಿತಂತೆ. ನೊಣ ಅನ್ನದ ಮೇಲೆ ಕೂತವಂತೆ. ಊರೇ ಹೇಳುತ್ತಿತ್ತು.

ಒಂದು ಮುಂಜಾನೆ ಗೌಡನ ಹೆಂಡತಿ ಅಮೃತವ್ವ ಕೇರಿಯ ಅಂಚಿಗೆ ಬಂದು ನಿಂತಳು. ಸೀರೆ ಕೆಸರಿಗೆ ತಾಗದಂತೆ ಎತ್ತಿ ಹಿಡಿದಿದ್ದಳು. ಪಾದಕ್ಕೆ ಮಾತ್ರ ಸಗಣಿ ಹತ್ತಿತ್ತು.

"ಏ ಫಕ್ಕೀರಿ. ಎಮ್ಮಿ ಕೆಚ್ಚಲಾ ಬಾತಾವು, ಹಾಲ ಬಿಡವಲ್ವು. ಎತ್ತಿಗೆ ಗೊರಸು ಕೊಳ್ಯಾಕತ್ತಾವು. ಗಂಡಸರ ಜಗಳಾ ಗಂಡಸರಿಗಿರಲಿ. ನೀ ಬಾ. ಜ್ವಾಳ ಕೊಡಸ್ತೀನಿ."

ಅವ್ವ ಗುಡ್ಡದಿಂದ ಬಂದವಳು ಆಗಷ್ಟೇ ಬುಟ್ಟಿ ಇಳಿಸಿದ್ದಳು. ನಾನು ಬಾಯಿ ತೆರೆದೆ. ಅವಳು ನನ್ನತ್ತ ಕೈ ಅಡ್ಡ ಮಾಡಿದಳು. ಬುಟ್ಟಿಯನ್ನು ನೆಲಕ್ಕೆ ಬೋರಲು ಹಾಕಿದಳು. ಇಷ್ಟು ವರ್ಷ ತನ್ನ ತಲೆಯ ಮೇಲೆ ಕೂತಿದ್ದ ಬುಟ್ಟಿಯ ಮೇಲೆ, ಗೌಡನ ಹೆಂಡತಿಯ ಎದುರಿಗೆ, ಕಾಲು ಚಾಚಿ ಕೂತಳು.

"ಬ್ಯಾಡ ಯವ್ವಾ," ಎಂದಳು. "ಅದು ನಿಮ್ಮದಂತ ಗೌಡ್ರು ನಾಕ ಮಂದ್ಯಾಗ ಹೇಳ್ಯಾರ. ನಾ ಮುಟ್ಟಿದ್ರ ಕಳುವು ಆಕ್ಕೈತಿ. ನೀವ ಇಟಗೋರಿ."